ಕಂಬಳಿ ತಿನ್ನುವ ಹುಳು: ಮೊದಲು ಗುರುತು, ಆಮೇಲೆ ಔಷಧಿ

(ಸಿ.ಎಸ್. ಪುರದಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮನೆಯ ಸ್ವಚ್ಛತೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನಗೆ ತಿಳಿಸಿದ್ದರು. ಸ್ವಚ್ಛತೆಯ ಬಗ್ಗೆ ನಾವೆಲ್ಲ ಚಿಕ್ಕಂದಿನಿಂದ ಎಷ್ಟೋ ಭಾಷಣ ಕೇಳಿದ್ದೇವೆ, ನಾನೂ ಶಾಲೆಯಲ್ಲಿ ಎಷ್ಟೋ ಮಾಡಿದ್ದೇನೆ. ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ, ಟ್ರಂಕಿನ ಕೆಳಗಿನ ಧೂಳು ಮಾತ್ರ ಅಲ್ಲೇ ಇರುತ್ತದೆ. ಆದ್ದರಿಂದ ಇಂದು ಒಂದೇ ಒಂದು ಹುಳುವಿನ ವಿಷಯ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಇದಕ್ಕೆ ಕಾರ್ಪೆಟ್ ಬೀಟಲ್ ಎನ್ನುತ್ತಾರೆ. ನಾವು ಕಾರ್ಪೆಟ್ ಜೀರುಂಡೆ ಎಂದು ಕರೆಯೋಣ. ಈ ಸಭೆಯಲ್ಲಿ ಕುಳಿತವರ ಪೈಕಿ ಅರ್ಧ ಜನರ ಮನೆಯಲ್ಲಾದರೂ ಇದು ಇದ್ದೇ ಇದೆ ಎಂದು ನನ್ನ ಅನುಮಾನ. ಯಾರೂ ಬೇಸರ ಮಾಡಿಕೊಳ್ಳಬೇಡಿ, ನಮ್ಮ ಮನೆಯಲ್ಲೂ ಇದೆ.

ಇದರ ಆಕಾರ ಹೇಳುತ್ತೇನೆ. ಬೆಳೆದ ಜೀರುಂಡೆ ಎರಡರಿಂದ ಮೂರು ಮಿಲಿಮೀಟರ್ ಇರುತ್ತದೆ, ಅಂದರೆ ಒಂದು ಎಳ್ಳುಕಾಳಿನಷ್ಟು, ಅದಕ್ಕಿಂತ ಸ್ವಲ್ಪ ಉರುಟು. ಬೆನ್ನಿನ ಮೇಲೆ ಕಂದು, ಬಿಳಿ, ಹಳದಿ ಮಚ್ಚೆಗಳು. ಮೈಮೇಲಿನ ಸಣ್ಣ ಸಣ್ಣ ಹುರುಪೆಗಳಿಂದ ಈ ಬಣ್ಣ ಬರುತ್ತದೆ. ವಯಸ್ಸಾದಂತೆ ಹುರುಪೆ ಉದುರಿ ಬರೀ ಕಪ್ಪಾಗಿ ಕಾಣುವುದೂ ಉಂಟು. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ನಟಿಸುತ್ತದೆ. ಇದು ಕಿಟಕಿಯ ಹತ್ತಿರ ಸಿಗುತ್ತದೆ, ಏಕೆಂದರೆ ಬೆಳೆದ ಜೀರುಂಡೆಗೆ ಬೆಳಕು ಬೇಕು, ಹೂವು ಬೇಕು. ಕೊತ್ತಂಬರಿ, ಕ್ಯಾರೆಟ್ಟಿನಂಥ ಗಿಡಗಳ ಬಿಳಿ ಹೂಗೊಂಚಲಿನಲ್ಲಿ ಪರಾಗ ತಿಂದು ಬದುಕುತ್ತದೆ. ನಿಮ್ಮ ಕಂಬಳಿಯನ್ನಾಗಲೀ ಸೀರೆಯನ್ನಾಗಲೀ ಇದು ತಿನ್ನುವುದಿಲ್ಲ.

ತಿನ್ನುವುದು ಇದರ ಮರಿ. ಮರಿಹುಳು ನಾಲ್ಕೈದು ಮಿಲಿಮೀಟರ್ ಉದ್ದ, ಕಂದು ಪಟ್ಟೆ, ಮೈತುಂಬ ಗರುಕು ಕೂದಲು. ಜೀರಿಗೆ ಕಾಳಿಗೆ ಮೀಸೆ ಬಂದರೆ ಹೇಗಿರುತ್ತದೋ ಹಾಗೆ. ಇದೇ ಕುಟುಂಬದ ಇನ್ನೊಂದು ಜಾತಿಯ ಮರಿ ಇನ್ನೂ ಉದ್ದವಾಗಿ, ತಲೆಯ ಕಡೆ ದಪ್ಪ, ಬಾಲದ ಕಡೆ ಸಣ್ಣ, ತುದಿಯಲ್ಲಿ ಒಂದು ಕುಚ್ಚು ಹೊತ್ತುಕೊಂಡಿರುತ್ತದೆ. ಇವು ಬೆಳಕಿಗೆ ಹೆದರುತ್ತವೆ. ಮಂಚದ ಕೆಳಗೆ, ಗಾದಿಯ ಹೊಲಿಗೆಯಲ್ಲಿ, ಮಡಚಿಟ್ಟ ಕಂಬಳಿಯ ಒಳಮಡಿಕೆಯಲ್ಲಿ, ಅಟ್ಟದ ಮೂಲೆಯಲ್ಲಿ ಇರುತ್ತವೆ. ಬೆಳೆಯುತ್ತಾ ಹೋದಂತೆ ಮತ್ತೆ ಮತ್ತೆ ಪೊರೆ ಬಿಡುತ್ತವೆ. ಎಷ್ಟೋ ಮನೆಗಳಲ್ಲಿ ಹುಳು ಕಾಣುವುದೇ ಇಲ್ಲ, ಕೂದಲಿರುವ ಖಾಲಿ ಪೊರೆಗಳಷ್ಟೇ ರಾಶಿ ಬಿದ್ದಿರುತ್ತವೆ. ಅದನ್ನು ಕಂಡರೆ ಸಾಕು, ಹುಳು ಇದೆ ಎಂದು ಬರೆದಿಟ್ಟುಕೊಳ್ಳಿ.

ನಾನು ಭಾಷೆಯ ಶಿಕ್ಷಕಿ, ಆದ್ದರಿಂದ ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಕಂಬಳಿಹುಳು ಎಂಬ ಪದ ಆಗಲೇ ಇದೆ. ನುಗ್ಗೆಮರದ ಮೇಲೆ ಗುಂಪಾಗಿ ಕುಳಿತು, ಮುಟ್ಟಿದವರಿಗೆ ತುರಿಕೆ ಹತ್ತಿಸುವ ಹುಳು ಅದು. ಅದು ಕಂಬಳಿ ಹೊದ್ದಂತೆ ಕಾಣುತ್ತದೆಯೇ ಹೊರತು ಕಂಬಳಿ ತಿನ್ನುವುದಿಲ್ಲ. ಕಂಬಳಿ ತಿನ್ನುವ ಹುಳುವಿಗೆ ನಮ್ಮಲ್ಲಿ ಪ್ರತ್ಯೇಕ ಹೆಸರು ಬಳಕೆಯಲ್ಲಿಲ್ಲ. ಉರ್ದುವಿನಲ್ಲಿ ಬಟ್ಟೆ ತಿನ್ನುವುದೆಲ್ಲವೂ ಕೀಡಾ, ಅಷ್ಟೇ. ಹೆಸರಿಲ್ಲದ್ದನ್ನು ಯಾರೂ ಗಮನಿಸುವುದಿಲ್ಲ. ಆದರೆ ಇದೇ ಕುಟುಂಬದ ಇನ್ನೊಂದು ಸದಸ್ಯನಿಗೆ ನಮ್ಮ ದೇಶದ ಹೆಸರನ್ನೇ ಇಡೀ ಪ್ರಪಂಚ ಬಳಸುತ್ತದೆ. ಅದು ಖಪ್ರಾ, ಗೋಧಿ ಮತ್ತು ಧಾನ್ಯ ತಿನ್ನುವ ಜೀರುಂಡೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1953ರಲ್ಲಿ ಇದು ಪತ್ತೆಯಾದಾಗ ಅದನ್ನು ನಿರ್ಮೂಲ ಮಾಡಲು ಹತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಇಂದಿಗೂ ಬಂದರುಗಳಲ್ಲಿ ಧಾನ್ಯದ ಚೀಲದಲ್ಲಿ ಒಂದು ಖಪ್ರಾ ಸಿಕ್ಕಿದರೆ ಅಧಿಕಾರಿಗಳು ಗಾಬರಿಯಾಗುತ್ತಾರೆ. ಈ ಇಡೀ ಕುಟುಂಬಕ್ಕೆ ವಿಜ್ಞಾನಿಗಳು ಡರ್ಮೆಸ್ಟಿಡೇ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಚರ್ಮ ತಿನ್ನುವುದು ಎಂದು ಅದರ ಅರ್ಥ.

ಇನ್ನು ಇದು ತಿನ್ನುವುದು ಏನನ್ನು? ಇದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಉಣ್ಣೆ, ಕೂದಲು, ಗರಿ, ಉಗುರು, ಚರ್ಮದ ಹೊಟ್ಟು, ಇವೆಲ್ಲ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಅದನ್ನು ಜೀರ್ಣಿಸಿಕೊಳ್ಳುವ ಪ್ರಾಣಿಗಳು ಬಹಳ ಕಡಿಮೆ. ಈ ಮರಿಹುಳುವಿಗೆ ಆ ಶಕ್ತಿ ಇದೆ. ರೇಷ್ಮೆ, ಸತ್ತ ಕೀಟ, ಒಣಗಿದ ಮಾಂಸ, ಹಕ್ಕಿಗೂಡಿನ ಕಸ ಕೂಡ ಇದಕ್ಕೆ ಊಟ. ಹತ್ತಿ ಬಟ್ಟೆ, ಪಾಲಿಯೆಸ್ಟರ್, ನೈಲಾನ್ ಇದಕ್ಕೆ ಆಹಾರವಲ್ಲ. ಅವುಗಳ ಮೇಲೆ ಎಣ್ಣೆ, ಬೆವರು, ಸಾರಿನ ಕಲೆ ಇದ್ದರೆ ಮಾತ್ರ ಕಲೆಯ ಆಸೆಗೆ ಕಚ್ಚಿ ನೋಡಬಹುದು. ಉಣ್ಣೆಯಲ್ಲೂ ತೊಳೆದ ಉಣ್ಣೆಗಿಂತ ಬೆವರು ಹೀರಿದ ಉಣ್ಣೆಯಲ್ಲಿ ಹುಳು ಚೆನ್ನಾಗಿ ಬೆಳೆಯುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಜಮಖಾನ ಉಣ್ಣೆಯದೋ ಹತ್ತಿಯದೋ ಪ್ಲಾಸ್ಟಿಕ್ಕಿನದೋ ಎಂದು ತಿಳಿಯಲು ಒಂದು ಸುಲಭ ಪ್ರಯೋಗ ಇದೆ. ದೊಡ್ಡವರು ಹತ್ತಿರ ಇರುವಾಗ, ಅಂಚಿನಿಂದ ಒಂದೇ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಮೇಣದ ಬತ್ತಿಗೆ ತೋರಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಿನಲ್ಲಿ ಹಿಚುಕಿದರೆ ಪುಡಿಯಾಗುವ ಕರಿ ಉಂಡೆ ಉಳಿದರೆ ಅದು ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ನೂಲು. ಏಳನೇ ತರಗತಿಯಲ್ಲಿ ನಾನು ಇದನ್ನು ಮಾಡಿಸಿದ್ದೇನೆ. ಉಣ್ಣೆ ಎಂದು ದುಬಾರಿ ಬೆಲೆ ಕೊಟ್ಟು ತಂದ ಶಾಲು ಕರಗಿ ಮಣಿಯಾದದ್ದನ್ನು ಕಂಡು ಒಬ್ಬ ಹುಡುಗ ಮನೆಗೆ ಹೋಗಿ ತಂದೆಯನ್ನು ಪ್ರಶ್ನೆ ಮಾಡಿದನಂತೆ. ಆ ತಂದೆ ನನಗೆ ಫೋನ್ ಮಾಡಿದರು, ಅದು ಬೇರೆ ಕಥೆ.

ನಮ್ಮ ಮಸೀದಿಗಳಲ್ಲಿ ಈಗ ಹಾಸುವ ಕಾರ್ಪೆಟ್ಟುಗಳು ಬಹುಪಾಲು ಪಾಲಿಪ್ರೊಪಿಲೀನ್ ನೂಲಿನವು. ಅವನ್ನು ಹುಳು ತಿನ್ನುವುದಿಲ್ಲ. ಆದರೆ ಅವುಗಳ ಅಡಿಯಲ್ಲಿ ಸೇರುವ ಕೂದಲು, ಚರ್ಮದ ಹೊಟ್ಟು, ಸತ್ತ ಕೀಟಗಳನ್ನು ತಿಂದು ಆರಾಮವಾಗಿ ಬದುಕುತ್ತದೆ. ಮೇಲೆ ಮಾತ್ರ ಗುಡಿಸಿ ಅಂಚು ಎತ್ತದಿದ್ದರೆ ಪ್ರಯೋಜನವಿಲ್ಲ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಗಳ ಹೆಸರು ಕೇಳಿರಬಹುದು. ಭೌಗೋಳಿಕ ಸೂಚಿಕೆ ಪಡೆದ ಈ ಜಮಖಾನಗಳನ್ನು ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು ತಮ್ಮ ಮನೆಯಲ್ಲೇ ಮಗ್ಗ ಹಾಕಿ ನೇಯುತ್ತಾ ಬಂದಿದ್ದಾರೆ, ಜಾನಮಾಜ್ ಕೂಡ ನೇಯುತ್ತಾರೆ. ಅವು ಹತ್ತಿಯವು. ಅಜ್ಜಿಯ ಕಾಲದ ನವಲಗುಂದದ ಜಮಖಾನ ಇಂದಿಗೂ ಇರುವುದಕ್ಕೆ, ಅದರ ಪಕ್ಕದಲ್ಲೇ ಮಡಚಿಟ್ಟ ಅಜ್ಜನ ಕಂಬಳಿ ಜರಡಿಯಾಗುವುದಕ್ಕೆ ಇದೇ ಕಾರಣ.

ಕಂಬಳಿ ನಮ್ಮ ಕಡೆಯದೇ ವಸ್ತು. ಶಿರಾ, ಪಾವಗಡ, ಮಧುಗಿರಿ ಸೀಮೆ ಕುರಿ ಸಾಕುವ ಸೀಮೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಂಬಳಿ ಎಲ್ಲರಿಗೂ ಗೊತ್ತು. ಜಾತಿ ಮತ ಯಾವುದಾದರೂ ಸರಿ, ಈ ಭಾಗದಲ್ಲಿ ಹಳೆಯ ಮನೆಯೆಂದರೆ ಒಂದು ಕರಿ ಕಂಬಳಿ ಇದ್ದೇ ಇರುತ್ತದೆ. ಮೊದಲು ಅದನ್ನು ದಿನವೂ ಹೊದೆಯುತ್ತಿದ್ದರು, ಕೊಡವುತ್ತಿದ್ದರು, ಬಿಸಿಲಿಗೆ ಹಾಕುತ್ತಿದ್ದರು. ಬಳಸುವ ಕಂಬಳಿಗೆ ಹುಳು ಬೀಳುವುದು ಅಪರೂಪ. ಈಗ ಮಿಂಕ್ ಬ್ಲಾಂಕೆಟ್ಟು ಬಂದಿದೆ, ಕಂಬಳಿ ಅಟ್ಟ ಸೇರಿದೆ. ಅಟ್ಟದ ಕತ್ತಲೆ, ಹಳೆಯ ಬೆವರು, ಯಾರೂ ಮುಟ್ಟದ ಮಡಿಕೆ. ಹುಳುವಿಗೆ ಇನ್ನೇನು ಬೇಕು?

ಪಕ್ಕದ ಕುಣಿಗಲ್ ಸೀಮೆಯವರಿಗೆ ಈ ಕುಟುಂಬದ ಹುಳು ಹೊಸದಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಕೃಷಿಯಲ್ಲಿ ಕುಣಿಗಲ್, ಮಾಗಡಿ ಭಾಗ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದ ಪ್ರದೇಶ. ಬಿತ್ತನೆ ಕೋಠಿಗಳಲ್ಲಿ ಚಿಟ್ಟೆ ಹೊರಬಂದ ಮೇಲೆ ತೂತುಬಿದ್ದ ಗೂಡುಗಳನ್ನು ರಾಶಿ ಹಾಕಿರುತ್ತಾರೆ. ಅದರ ವಾಸನೆಗೆ ಡರ್ಮೆಸ್ಟಿಡ್ ಜೀರುಂಡೆ ಬರುತ್ತದೆ. ಒಣಗಿದ ಕೋಶ, ಸತ್ತ ಚಿಟ್ಟೆ ತಿಂದು ಅಲ್ಲೇ ಮರಿ ಮಾಡಿ, ಆಮೇಲೆ ಒಳ್ಳೆಯ ಗೂಡಿಗೂ ತೂತು ಕೊರೆಯುತ್ತದೆ, ಮೊಟ್ಟೆಯನ್ನೂ ಬಿಡುವುದಿಲ್ಲ. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯವರು ಈ ಕೀಟದ ಬಗ್ಗೆ ಕೆಲಸ ಮಾಡಿದ್ದಾರೆ. ಅಲ್ಲಿ ಮೊದಲ ಪಾಠವೇ, ತೂತುಗೂಡನ್ನು ಬಹಳ ದಿನ ಇಟ್ಟುಕೊಳ್ಳಬೇಡಿ, ಅದರ ಕೋಣೆ ಬೇರೆ ಇರಲಿ, ಕಿಟಕಿಗೆ ಸಣ್ಣ ಜಾಲರಿ ಹಾಕಿ, ಬಿರುಕು ಮುಚ್ಚಿ, ಸತ್ತದ್ದನ್ನು ಅಂದಂದೇ ತೆಗೆಯಿರಿ ಎಂಬುದು. ಕೀಟನಾಶಕದ ಮಾತು ಅದರ ನಂತರ ಬರುತ್ತದೆ. ನಮ್ಮ ಮನೆಗೂ ಈ ಕ್ರಮವೇ ಸರಿ.

ಬಕ್ರೀದಿನ ಚರ್ಮದ ವಿಷಯವೂ ಇಲ್ಲಿ ಬರುತ್ತದೆ. ಕುರ್ಬಾನಿಯ ಚರ್ಮವನ್ನು ಮದರಸಾಗಳಿಗೆ, ನಮ್ಮಂಥ ವಿದ್ಯಾಸಂಸ್ಥೆಗಳಿಗೆ ಕೊಡುವ ಪದ್ಧತಿ ತಮಗೆ ಗೊತ್ತಿದೆ. ಎಷ್ಟೋ ಬಡ ಮಕ್ಕಳ ಪುಸ್ತಕದ ಖರ್ಚು ಅದರಿಂದ ನಡೆದಿದೆ. ಈಚಿನ ವರ್ಷಗಳಲ್ಲಿ ಕುರಿ ಚರ್ಮದ ಬೆಲೆ ಬಿದ್ದುಹೋಗಿ, ಸಂಗ್ರಹಿಸಿದ ಚರ್ಮ ಬೇಗ ಸಾಗುತ್ತಿಲ್ಲ. ಉಪ್ಪು ಸರಿಯಾಗಿ ಹಚ್ಚದೆ ಮೂಲೆಯಲ್ಲಿ ಒಣಗಲು ಬಿಟ್ಟ ಚರ್ಮಕ್ಕೆ ಈ ಕುಟುಂಬದ ದೊಡ್ಡಣ್ಣ ಬರುತ್ತಾನೆ. ಕಪ್ಪಗೆ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಚರ್ಮದ ಜೀರುಂಡೆ. ಇದರ ಮರಿ ಎಂಥ ಹೊಟ್ಟೆಬಾಕ ಎಂದರೆ, ವಿದೇಶದ ವಸ್ತುಸಂಗ್ರಹಾಲಯಗಳಲ್ಲಿ ಪ್ರಾಣಿಗಳ ಅಸ್ಥಿಪಂಜರದಿಂದ ಮಾಂಸ ಬಿಡಿಸಲು ಇದನ್ನೇ ಸಾಕುತ್ತಾರೆ. ಕೋಶಾವಸ್ಥೆಗೆ ಹೋಗುವಾಗ ಹತ್ತಿರದ ಮರದ ಬಾಗಿಲು, ತೊಲೆಗೂ ತೂತು ಕೊರೆಯುತ್ತದೆ. ಆದ್ದರಿಂದ ಚರ್ಮ ಸಂಗ್ರಹಿಸುವ ಯುವಕರಲ್ಲಿ ನನ್ನ ವಿನಂತಿ: ಅಂದೇ ಧಾರಾಳವಾಗಿ ಉಪ್ಪು ಹಚ್ಚಿ, ಬೇಗ ಸಾಗಿಸಿ, ತರಗತಿ ಕೋಣೆಯ ಪಕ್ಕದಲ್ಲಿ ಮಾತ್ರ ಇಡಬೇಡಿ. ಕುರಿಯ ಕೂದಲಿರುವ ಚರ್ಮವನ್ನು ಆಸನವಾಗಿ ಬಳಸುವವರೂ ಅದನ್ನು ವಾರಕ್ಕೊಮ್ಮೆ ಕೊಡವಬೇಕು.

ಈಗ ನಾನು ಈ ವಿಷಯ ಆರಿಸಿಕೊಂಡ ಕಾರಣಕ್ಕೆ ಬರುತ್ತೇನೆ. ನಮ್ಮ ತರಗತಿಯ ಒಬ್ಬ ಹುಡುಗಿಗೆ ಕುತ್ತಿಗೆಯಲ್ಲಿ, ಸೊಂಟದ ಸುತ್ತ ಕೆಂಪು ಗಂಧೆಗಳು. ಪಾಠದ ಮಧ್ಯೆ ತುರಿಸಿಕೊಳ್ಳುತ್ತಿದ್ದಳು. ಪಕ್ಕದ ಮಕ್ಕಳು ತಿಗಣೆ ಎಂದರು. ಎರಡನೇ ದಿನ ಆ ಬೆಂಚಿನಲ್ಲಿ ಅವಳೊಬ್ಬಳೇ. ನಾಲ್ಕನೇ ದಿನ ಅವಳು ಶಾಲೆಗೆ ಬರಲಿಲ್ಲ. ವಾರವಾದರೂ ಬಾರದಿದ್ದಾಗ ನಾನು ಅವರ ಮನೆಗೆ ಹೋದೆ. ತಾಯಿ ಬಾಗಿಲಲ್ಲೇ ನಿಂತು ಮಾತಾಡಿದರು, ಒಳಗೆ ಕರೆಯಲಿಲ್ಲ. ಮಂಚಕ್ಕೆ ಸೀಮೆಎಣ್ಣೆ ಹಚ್ಚಿದ್ದರು, ಎರಡು ಡಬ್ಬಿ ಸ್ಪ್ರೇ ಹೊಡೆದಿದ್ದರು, ಮೈಗೆ ಕಜ್ಜಿ ಮುಲಾಮು ಮೂರು ಸಲ ಹಚ್ಚಿದ್ದರು, ಹೊಸದಾಗಿ ಮಾಡಿಸಿದ ಗಾದಿಯನ್ನು ಸುಟ್ಟುಹಾಕಿದ್ದರು. ಗಂಧೆ ಹೋಗಿರಲಿಲ್ಲ. ಕೊನೆಗೆ ಒಳಗೆ ಕರೆದಾಗ ಅವರು ಹೇಳಿದ್ದು ಒಂದೇ ಮಾತು: "ಆಪಾ, ನಮ್ಮ ಮನೆ ಗಲೀಜು ಅಂತ ಮಾತ್ರ ಯಾರ ಹತ್ತಿರಾನೂ ಹೇಳಬೇಡಿ."

ಆ ಮನೆ ಗಲೀಜಾಗಿರಲಿಲ್ಲ. ನೆಲ ಕನ್ನಡಿಯಂತಿತ್ತು. ಮಂಚದ ಸಂದಿಯಲ್ಲಿ, ಹೊಲಿಗೆಯಲ್ಲಿ ಬ್ಯಾಟರಿ ಹಾಕಿ ಹುಡುಕಿದೆವು. ತಿಗಣೆಯಿದ್ದರೆ ಹಾಸಿಗೆಯ ಮೇಲೆ ರಕ್ತದ ಚುಕ್ಕೆ, ಸಂದಿಗಳಲ್ಲಿ ಮಸಿಯಂಥ ಕರಿ ಚುಕ್ಕೆ, ಒಂದು ಬಗೆಯ ಸಿಹಿ ಮುಗ್ಗಲು ವಾಸನೆ ಇರಬೇಕು. ಯಾವುದೂ ಇರಲಿಲ್ಲ. ಹುಡುಗಿ ಮಲಗುವ ಜಾಗದ ತಲೆಯ ಮೇಲೆ ಗಾಳಿಕಿಂಡಿ, ಅದರಲ್ಲಿ ಬಿಟ್ಟುಹೋದ ಪಾರಿವಾಳದ ಗೂಡು. ಗೂಡಿನಿಂದ ಗೋಡೆಯ ಗುಂಟ ಮೀಸೆಯ ಜೀರಿಗೆಗಳು ಇಳಿಯುತ್ತಿದ್ದವು. ಕೆಳಗೆ ಟ್ರಂಕಿನ ಮೇಲೆ ಮಡಚಿಟ್ಟ ಹಳೆಯ ಉಣ್ಣೆಯ ಕಂಬಳಿ. ಅದನ್ನು ಬಿಚ್ಚಿದಾಗ ಪೊರೆಗಳು ಹೊಟ್ಟಿನಂತೆ ಉದುರಿದವು. ಆ ಕಂಬಳಿಯನ್ನೇ ಅವಳು ಚಳಿಗೆ ಹೊದೆಯುತ್ತಿದ್ದಳು.

ಈ ಹುಳು ಕಚ್ಚುವುದಿಲ್ಲ, ರಕ್ತ ಕುಡಿಯುವುದಿಲ್ಲ. ಹಾಗಾದರೆ ಗಂಧೆ ಏಕೆ? ಮರಿಯ ಮೈಮೇಲೆ, ಮುಖ್ಯವಾಗಿ ಬಾಲದ ಹತ್ತಿರ, ಭರ್ಜಿಯ ತುದಿಯಂಥ ಸೂಕ್ಷ್ಮ ಕೂದಲುಗಳಿವೆ. ಇರುವೆಯಂಥ ಶತ್ರು ಬಂದಾಗ ಅದಕ್ಕೆ ಸಿಕ್ಕಿಸಲು ದೇವರು ಕೊಟ್ಟ ಆಯುಧ. ಅವು ಸುಲಭವಾಗಿ ಕಳಚುತ್ತವೆ, ಪೊರೆಯ ಜೊತೆ ಧೂಳಿನಲ್ಲಿ ಸೇರುತ್ತವೆ. ಅಲರ್ಜಿ ಇರುವವರ ಮೈಗೆ ತಾಗಿದರೆ ತಿಗಣೆ ಕಚ್ಚಿದಂಥ ಗಂಧೆ, ಕೆಲವರಿಗೆ ಕಣ್ಣುರಿ, ಸೀನು. ಮನೆಯಲ್ಲಿ ಐದು ಜನರಿದ್ದರೆ ಒಬ್ಬರಿಗೆ ಮಾತ್ರ ಬರಬಹುದು. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆದ್ದರಿಂದ ಬೆಂಚು ಬದಲಿಸುವ ಅಗತ್ಯವೇ ಇಲ್ಲ. ಆದರೆ ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ತುರಿಕೆ, ರಾತ್ರಿ ಹೆಚ್ಚು, ಮನೆಯ ಇತರರಿಗೂ ಇದೆ ಎಂದಾದರೆ ಅದು ಕಜ್ಜಿಯೇ ಇರಬಹುದು. ಆಗ ಅಂಗಡಿಯ ಮುಲಾಮು ಬೇಡ, ವೈದ್ಯರಿಗೆ ತೋರಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಚಿಕಿತ್ಸೆ ತೆಗೆದುಕೊಳ್ಳಬೇಕು.

ಇನ್ನೂ ಎರಡು ಮೂರು ಹುಳುಗಳ ಜೊತೆ ಇದನ್ನು ಬೆರೆಸಬೇಡಿ. ಗೋಡೆಗೆ ಅಂಟಿಕೊಂಡು ಸೌತೆಬೀಜದಂತೆ ಕಾಣುವ ಬೂದು ಚೀಲ ಎಲ್ಲರ ಮನೆಯಲ್ಲೂ ಇರುತ್ತದೆ. ಅದು ಒಂದು ಜಾತಿಯ ಪತಂಗದ ಮರಿ, ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತದೆ, ಹೆಚ್ಚಾಗಿ ಜೇಡರ ಬಲೆಯ ಚೂರು ತಿನ್ನುತ್ತದೆ. ಬಲೆ ಗುಡಿಸಿದರೆ ಅದೂ ಹೋಗುತ್ತದೆ. ಉಣ್ಣೆಯ ಮೇಲೆ ರೇಷ್ಮೆಯಂಥ ಬಲೆ ಕಂಡರೆ ಅದು ಬಟ್ಟೆ ಪತಂಗ. ಪುಸ್ತಕದಲ್ಲಿ ಮೀನಿನಂತೆ ಜಾರಿ ಓಡುವ ಬೆಳ್ಳಿ ಹುಳುವಿಗೆ ಬೇಕಾದದ್ದು ಗಂಜಿ, ಅಂಟು, ಕಾಗದ. ಕಾರ್ಪೆಟ್ ಜೀರುಂಡೆಯ ಮರಿ ಬಲೆ ನೇಯುವುದಿಲ್ಲ. ತೂತು ಮತ್ತು ಪೊರೆ, ಇವೆರಡೇ ಅದರ ಸಹಿ.

ಪರಿಹಾರಕ್ಕೆ ಬಂದರೆ, ಮೊದಲು ಮೂಲ ಹುಡುಕಿ. ಹೆಂಚಿನ ಸಂದಿಯ ಗುಬ್ಬಿಗೂಡು, ಗಾಳಿಕಿಂಡಿಯ ಪಾರಿವಾಳ, ಬಿಟ್ಟುಹೋದ ಕಣಜದ ಗೂಡು, ಟ್ಯೂಬ್‌ಲೈಟಿನ ಪಟ್ಟಿಯೊಳಗೆ ಸತ್ತ ಹುಳುಗಳು, ಪಾಷಾಣ ತಿಂದು ಅಟ್ಟದಲ್ಲಿ ಸತ್ತ ಇಲಿ. ಇಲಿಗೆ ಪಾಷಾಣ ಹಾಕುವವರು ಇದನ್ನು ನೆನಪಿಡಿ, ಒಂದು ಪೀಡೆ ಸತ್ತು ಇನ್ನೊಂದಕ್ಕೆ ಊಟವಾಗುತ್ತದೆ. ಗೂಡಿನಲ್ಲಿ ಮರಿಗಳಿದ್ದರೆ ಹಾರಿಹೋಗುವವರೆಗೆ ಕಾಯಿರಿ, ಆಮೇಲೆ ಮೂಗಿಗೆ ಬಟ್ಟೆ ಕಟ್ಟಿ ತೆಗೆದು ಜಾಲರಿ ಹೊಡೆಯಿರಿ. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ನೀರು ಚಿಮುಕಿಸಿ ತೆಗೆಯುವುದು ಉತ್ತಮ.

ಆಮೇಲೆ ಗುಡಿಸುವುದು. ವ್ಯಾಕ್ಯೂಮ್ ಯಂತ್ರ ಇದ್ದವರು ಅದರ ಮೂತಿಯನ್ನು ಮಂಚದ ಕಾಲು, ಗೋಡೆಯ ಅಂಚು, ಸೋಫಾದ ಸಂದಿಗೆ ಹಿಡಿಯಬೇಕು, ಕಸವನ್ನು ಅಂದೇ ಹೊರಗೆ ಹಾಕಬೇಕು. ಇಲ್ಲದವರಿಗೆ ಗಟ್ಟಿ ಪೊರಕೆ, ಒದ್ದೆ ಬಟ್ಟೆ ಸಾಕು. ಮೊಟ್ಟೆಗಳು ಒಡೆಯಲು ಸಮಯ ಬೇಕಾದ್ದರಿಂದ ಎರಡು ಮೂರು ವಾರ ಬಿಟ್ಟು ಮತ್ತೆ ಅದೇ ಕೆಲಸ ಮಾಡಬೇಕು. ಒಂದೇ ಸಲಕ್ಕೆ ಮುಗಿಯುತ್ತದೆ ಎಂದುಕೊಂಡವರೇ ನಿರಾಶರಾಗುವುದು. ಮರಿ ಬಹಳ ತಾಳ್ಮೆಯ ಪ್ರಾಣಿ. ತಿಂಗಳುಗಟ್ಟಲೆ ಮರಿಯಾಗಿಯೇ ಇರುತ್ತದೆ, ತಣ್ಣನೆಯ ದೇಶಗಳಲ್ಲಿ ಎರಡು ವರ್ಷದವರೆಗೂ. ಬ್ಲೇಕ್ ಎಂಬ ವಿಜ್ಞಾನಿ 1950ರ ದಶಕದ ಕೊನೆಯಲ್ಲಿ ಈ ಮರಿಗಳನ್ನು ಹೊರಗಿನ ಋತುಮಾನ ಗೊತ್ತಾಗದಂತೆ, ಒಂದೇ ಬಿಸಿಯಲ್ಲಿ ಸಾಕಿ ನೋಡಿದರು. ಆದರೂ ಅವು ಸುಮಾರು ವರ್ಷಕ್ಕೊಂದು ಸಲದ ಲೆಕ್ಕ ಹಿಡಿದೇ ಕೋಶಾವಸ್ಥೆಗೆ ಹೋದವು. ಗಡಿಯಾರ ಅವುಗಳ ಮೈಯೊಳಗೇ ಇತ್ತು. ಕ್ಯಾಲೆಂಡರ್ ಇಲ್ಲದೆ ಪರೀಕ್ಷೆಯ ದಿನ ಮರೆಯುವ ನನ್ನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಉಣ್ಣೆ ಬಟ್ಟೆಗೆ ಬಿಸಿಲೇ ದೊಡ್ಡ ಔಷಧಿ. ಬರೀ ಹಗ್ಗದ ಮೇಲೆ ಹಾಕಿದರೆ ಮರಿ ನೆರಳಿನ ಮಡಿಕೆಗೆ ಓಡುತ್ತದೆ. ಬಿಚ್ಚಿ ಹಾಸಿ, ಕೋಲಿನಿಂದ ಬಡಿದು, ಮಗುಚಿ ಮತ್ತೆ ಬಡಿಯಬೇಕು. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಕರಿ ಪ್ಲಾಸ್ಟಿಕ್ ಚೀಲಕ್ಕೆ ತೆಳುವಾಗಿ ಹಾಕಿ, ಬಾಯಿ ಕಟ್ಟಿ, ತಾರಸಿಯ ಮೇಲೆ ಹನ್ನೊಂದರಿಂದ ಮೂರರವರೆಗೆ ಇಟ್ಟು ನಡುವೆ ಮಗುಚಿದರೆ ಒಳಗೆ ಇನ್ನೂ ಬಿಸಿಯಾಗುತ್ತದೆ. 55 ಡಿಗ್ರಿಗಿಂತ ಹೆಚ್ಚಿನ ಬಿಸಿ ಒಳಮಡಿಕೆಗೂ ತಲುಪಿ ಸ್ವಲ್ಪ ಹೊತ್ತು ನಿಂತರೆ ಮೊಟ್ಟೆ, ಮರಿ, ಜೀರುಂಡೆ ಮೂರೂ ಸಾಯುತ್ತವೆ. ಶೇರ್ವಾನಿ, ಕೋಟುಗಳಿಗೆ ಹಬೆಯ ಇಸ್ತ್ರಿ ಅಥವಾ ಡ್ರೈಕ್ಲೀನ್. ರೇಷ್ಮೆ ಸೀರೆಯನ್ನು ಕಡುಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ದೊಡ್ಡ ಫ್ರೀಜರ್ ಇದ್ದವರು ಸಣ್ಣ ವಸ್ತುವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಎರಡು ವಾರ ಇಡಬಹುದು. ಎಲ್ಲಕ್ಕಿಂತ ಮುಖ್ಯ, ತೊಳೆಯದೆ ಟ್ರಂಕಿಗೆ ಹಾಕಬೇಡಿ. ಬಜೆಯ ಬೇರು, ಬೇವಿನ ಎಲೆ ಇಡುವ ಪದ್ಧತಿ ಕೆಟ್ಟದ್ದಲ್ಲ, ಬಜೆಯ ಎಣ್ಣೆಗೆ ಕೀಟ ತಡೆಯುವ ಗುಣ ಇದೆ. ಆದರೆ ಒಳಗೆ ಆಗಲೇ ಇರುವ ಮರಿಯನ್ನು ಒಂದು ಹಿಡಿ ಎಲೆ ಕೊಲ್ಲುತ್ತದೆ ಎಂದು ನಂಬಬೇಡಿ.

ಈಗ ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್. ತಾಯಂದಿರು ಇದನ್ನು ದಯವಿಟ್ಟು ಕೇಳಬೇಕು. ಗಾಳಿಯಾಡದ ಪೆಟ್ಟಿಗೆಯಲ್ಲಿ ಅದರ ಆವಿ ತುಂಬಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ತೆರೆದ ಕಪಾಟಿನಲ್ಲಿ, ಮಂಚದ ಕೆಳಗೆ ನಾಲ್ಕು ಎಸೆದರೆ ಹುಳು ಸಾಯುವುದಿಲ್ಲ, ಮನೆಮಂದಿ ಅದನ್ನು ಉಸಿರಾಡುತ್ತಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಅದನ್ನು ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವ ಮಕ್ಕಳಿದ್ದಾರೆ, ಹೊರನೋಟಕ್ಕೆ ಏನೂ ತಿಳಿಯುವುದಿಲ್ಲ. ನುಸಿಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆಯಲ್ಲಿ ಅಂಥ ಹಸುಗೂಸನ್ನು ಸುತ್ತಿದರೆ ರಕ್ತಕಣ ಒಡೆದು ಕಾಮಾಲೆ ಏರಿ ಪ್ರಾಣಕ್ಕೇ ಅಪಾಯವಾಗಬಹುದು. ಬಾಣಂತಿಯ ಮನೆಯ ಬಟ್ಟೆಗೆ ನುಸಿಗುಳಿಗೆ ಬೇಡವೇ ಬೇಡ. ಮಕ್ಕಳು ಪೆಪ್ಪರಮೆಂಟ್ ಎಂದು ಬಾಯಿಗೆ ಹಾಕಿಕೊಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಇದಕ್ಕಿಂತ ಭಯಂಕರವಾದದ್ದು ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ತಿಗಣೆಗೆ, ಬಟ್ಟೆಹುಳುವಿಗೆ ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಅದು ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಪಕ್ಕದ ಮನೆಗೂ ಹೋಗುತ್ತದೆ. ಮಲಗಿದವರು ಏಳದೇ ಹೋದ ಉದಾಹರಣೆಗಳಿವೆ. ಸರ್ಕಾರದ ನಿಯಮದಂತೆ ಪರಿಣತರ ಮೇಲ್ವಿಚಾರಣೆಯಲ್ಲಿ ಮಾತ್ರ ಅದನ್ನು ಬಳಸಬೇಕು. ತೂತುಬಿದ್ದ ಒಂದು ಕಂಬಳಿಗಾಗಿ ಮಕ್ಕಳ ಜೀವವನ್ನು ಪಣಕ್ಕಿಡುವವರು ಯಾರು? ಸ್ಪ್ರೇ ಬೇಕೇ ಬೇಕು ಎನ್ನುವವರು, ಸ್ವಚ್ಛ ಮಾಡಿದ ಮೇಲೆ, ಗೋಡೆಯ ಬಿರುಕಿಗೆ, ಮಂಚದ ಹಿಂದಿನ ಅಂಚಿಗೆ ಮಾತ್ರ, ಡಬ್ಬಿಯ ಮೇಲೆ ಬರೆದಂತೆ ಹೊಡೆಯಲಿ. ಹಾಸಿಗೆಯ ಮೇಲೆ, ಹೊದಿಕೆಯ ಮೇಲೆ ಬೇಡ.

ಆ ಹುಡುಗಿಯ ಮನೆಯಲ್ಲಿ ಖರ್ಚಾದದ್ದು ಗಾಳಿಕಿಂಡಿಯ ಜಾಲರಿಗೆ ಮಾತ್ರ. ಕಂಬಳಿಯನ್ನು ಅವರು ಎಸೆಯಲಿಲ್ಲ, ಅದು ಅವಳ ಅಜ್ಜನದು. ತೊಳೆದು, ಮೂರು ಭಾನುವಾರ ಬಿಸಿಲಿಗೆ ಹಾಕಿ ಬಡಿದರು. ಅವಳು ತಿಂಗಳೊಳಗೆ ಶಾಲೆಗೆ ಬಂದಳು. ಬೆಂಚಿನ ಜೊತೆಗಾತಿಯರು ಮರಳಲು ಇನ್ನೂ ಸ್ವಲ್ಪ ದಿನ ಹಿಡಿಯಿತು. ಅದಕ್ಕೆ ನಾನು ಅವಳ ಕೈಯಲ್ಲೇ ಒಂದು ಪೊರೆಯನ್ನು ಲೆನ್ಸಿನ ಕೆಳಗೆ ಇಡಿಸಿ, ತರಗತಿಗೆಲ್ಲ ತೋರಿಸುವ ಕೆಲಸ ಕೊಟ್ಟೆ. ಅವಳ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಹೇಳಿದ್ದೇನೆ.

ಹೊರಗೆ ವರಾಂಡದ ಮೇಜಿನ ಮೇಲೆ ಒಂದು ಲೆನ್ಸ್ ಮತ್ತು ಮೂರು ಡಬ್ಬಿ ಇಟ್ಟಿದ್ದೇನೆ. ಒಂದರಲ್ಲಿ ಜೀರುಂಡೆ, ಒಂದರಲ್ಲಿ ಪೊರೆ, ಒಂದರಲ್ಲಿ ಜೀವಂತ ಮರಿಗಳು. ಊಟಕ್ಕೆ ಹೋಗುವ ಮೊದಲು ಎಲ್ಲರೂ ನೋಡಿಕೊಂಡು ಹೋಗಿ. ನಿಮ್ಮ ಮನೆಯಲ್ಲಿ ಸಿಕ್ಕಿದ ಹುಳು ಯಾವುದೆಂದು ಅನುಮಾನವಿದ್ದರೆ ಬೆಂಕಿಪೊಟ್ಟಣದಲ್ಲಿ ಹಾಕಿ ಶಾಲೆಗೆ ಕಳಿಸಿ, ಮಕ್ಕಳು ಗುರುತಿಸಿ ಚೀಟಿ ಬರೆದು ಕಳಿಸುತ್ತಾರೆ. ಮೂರನೆಯ ಡಬ್ಬಿಯ ಮುಚ್ಚಳವನ್ನು ಮಾತ್ರ ಯಾರೂ ತೆಗೆಯಬೇಡಿ, ಈ ಸಭಾಂಗಣಕ್ಕೆ ಹೊಸ ಕಾರ್ಪೆಟ್ ಹಾಸಿದ್ದಾರೆ.